ವೈರಲ್ ಜ್ವರದ ಜೊತೆಗೆ, ಜ್ವರ ಬಿಟ್ಟ ಮೇಲೆ ಬರುವ ತುರಿಕೆ ದದ್ದು: ಮೂರು ತಾರೀಖು ಹಿಡಿದು ಕಾರಣ ಹುಡುಕುವ ಕೈಪಿಡಿ

ಜ್ವರ ಬಿಟ್ಟು ಎರಡು ದಿನ ಆಗಿತ್ತು. ರಾತ್ರಿ ಮಲಗಿದಾಗ ಸೊಂಟದಲ್ಲಿ, ಬಟ್ಟೆ ಬಿಗಿಯುವ ಜಾಗದಲ್ಲಿ, ತುರಿಕೆ ಶುರುವಾಯಿತು. ಬೆಳಿಗ್ಗೆ ನೋಡಿದರೆ ತೊಡೆ, ಹೊಟ್ಟೆ, ತೋಳಿನ ಮೇಲೆಲ್ಲಾ ದಪ್ಪ ದಪ್ಪ ಗಂಧೆಗಳು. ಮಧ್ಯಾಹ್ನ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಒಂದೂ ಇರಲಿಲ್ಲ. ಸಂಜೆ ಮತ್ತೆ ಬಂದವು, ಈ ಸಲ ಬೆನ್ನಿನ ಮೇಲೆ. ಮೂರು ವಾರ ಹೀಗೇ ನಡೆಯಿತು. ಸೋಪು ಬದಲಿಸಿದೆ. ಬಟ್ಟೆ ಒಗೆಯುವ ಪುಡಿ ಬದಲಿಸಿದೆ. ಊಟದಲ್ಲಿ ಒಂದೊಂದೇ ಪದಾರ್ಥ ಬಿಡುತ್ತಾ ಹೋದೆ. ಏನು ಮಾಡಿದರೂ ಗಂಧೆ ನಿಲ್ಲಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರು ಮೂರೇ ಪ್ರಶ್ನೆ ಕೇಳಿದರು. ಜ್ವರ ಶುರುವಾದದ್ದು ಯಾವತ್ತು? ಹೊಸ ಮಾತ್ರೆ ಶುರು ಮಾಡಿದ್ದು ಯಾವತ್ತು? ಮೊದಲ ಗಂಧೆ ಕಂಡದ್ದು ಯಾವತ್ತು? ಮೂರಕ್ಕೂ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಮನೆಗೆ ಬಂದು, ಔಷಧಿ ಚೀಟಿ, ಫೋನಿನ ಫೋಟೊ ಎಲ್ಲಾ ಹುಡುಕಿ ತಾರೀಖು ಹೊಂದಿಸಿದೆ. ಆಗ ಕಾರಣ ತಾನಾಗಿ ಕಾಣಿಸಿತು. ವೈರಸ್ ಹೋದ ಮೇಲೆ ಉಳಿದ ಗಂಧೆ ಅದು. ತಾನಾಗಿ ಹೋಗುವಂಥದ್ದು, ಹೋಯಿತು ಕೂಡ.

ದದ್ದು ನೋಡಲು ಹೇಗಿದೆ ಅನ್ನುವುದಕ್ಕಿಂತ ಅದು ಯಾವಾಗ ಬಂತು ಅನ್ನುವುದು ಜಾಸ್ತಿ ಹೇಳುತ್ತದೆ. ಈ ಬರಹ ನಿಂತಿರುವುದು ಆ ಮಾತಿನ ಮೇಲೆ. ಇದನ್ನು ಓದಿ ಮನೆಯಲ್ಲೇ ರೋಗದ ಹೆಸರು ಇಡಲು ಆಗುವುದಿಲ್ಲ. ಆದರೆ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು, ಡಾಕ್ಟರಿಗೆ ಏನು ಹೇಳಬೇಕು ಅನ್ನುವುದು ತಿಳಿಯುತ್ತದೆ.

ಮೊದಲು ಇದನ್ನು ನೋಡಿ: ಕಾಯಲೇಬಾರದ ಲಕ್ಷಣಗಳು

ಕಾರಣ ಹುಡುಕುವ ಮೊದಲು ಒಂದು ನಿಮಿಷ ಇದಕ್ಕೆ ಕೊಡಿ. ಕೆಳಗಿನ ಯಾವುದಾದರೂ ಒಂದು ಇದ್ದರೂ ಮುಂದೆ ಓದಬೇಡಿ, ಆಸ್ಪತ್ರೆಗೆ ಹೊರಡಿ.

- ನಾಲಿಗೆ ಅಥವಾ ಗಂಟಲು ಊದಿಕೊಳ್ಳುವುದು, ಉಸಿರಾಡಲು ಕಷ್ಟ, ಧ್ವನಿ ಕಟ್ಟುವುದು, ಗಂಧೆಯ ಜೊತೆ ತಲೆ ಸುತ್ತಿ ಬೀಳುವಂತಾಗುವುದು. ಇದಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಬೇಕು. ಅಲರ್ಜಿ ಮಾತ್ರೆ ನುಂಗಿ ಕಾಯುವ ಸಮಯ ಇದಲ್ಲ.
- ಜ್ವರದ ಜೊತೆ, ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು.
- ಕತ್ತು ಸೆಟೆದುಕೊಳ್ಳುವುದು, ಬೆಳಕು ನೋಡಲಾಗದಷ್ಟು ತಲೆನೋವು, ಮಂಪರು, ಫಿಟ್ಸ್.
- ಚರ್ಮ ತುರಿಸುವ ಬದಲು ಸುಟ್ಟಂತೆ ನೋಯುವುದು, ದೊಡ್ಡ ಬೊಬ್ಬೆ ಏಳುವುದು, ಸಿಪ್ಪೆಯಂತೆ ಸುಲಿಯುವುದು. ಬಾಯಿ, ಕಣ್ಣು, ಜನನಾಂಗದಲ್ಲಿ ಹುಣ್ಣು.
- ಮಗುವಿಗೆ 5 ದಿನ ಅಥವಾ ಅದಕ್ಕಿಂತ ಜಾಸ್ತಿ ಜ್ವರ, ಕೀವಿಲ್ಲದ ಕೆಂಪು ಕಣ್ಣು, ಒಡೆದ ತುಟಿ, ಕೆಂಪಾದ ನಾಲಿಗೆ, ಊದಿದ ಕೈಕಾಲು. ಇದು ಕವಾಸಾಕಿ ಕಾಯಿಲೆ ಇರಬಹುದು. ಹೃದಯದ ರಕ್ತನಾಳಕ್ಕೆ ಪೆಟ್ಟಾಗದಂತೆ ಜ್ವರ ಶುರುವಾದ 10 ದಿನದೊಳಗೆ ಚಿಕಿತ್ಸೆ ಆಗಬೇಕು.
- ಜ್ವರ ಇಳಿದ ಮೇಲೆ ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ತಣ್ಣಗಾದ ಕೈಕಾಲು. ಡೆಂಗಿಯಲ್ಲಿ ಅಪಾಯದ ಘಟ್ಟ ಜ್ವರ ಬಿಡುವಾಗಲೇ ಬರುತ್ತದೆ.

ಗರ್ಭಿಣಿಯರು, ತೀರಾ ಎಳೆಯ ಕೂಸುಗಳು, ಕೀಮೊಥೆರಪಿ ಅಥವಾ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ಸಣ್ಣ ದದ್ದು ಕಂಡರೂ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಗಾಜಿನ ಲೋಟದ ಪರೀಕ್ಷೆ

ಮೇಲಿನ ಪಟ್ಟಿಯ ಎರಡನೇ ಸಾಲಿಗೆ ಇದು ಬೇಕು. ಬಣ್ಣವಿಲ್ಲದ ಗಾಜಿನ ಲೋಟ ತೆಗೆದುಕೊಳ್ಳಿ. ಅದರ ಪಕ್ಕವನ್ನು ದದ್ದಿನ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಕೆಂಪು ಮಾಸಿದರೆ ರಕ್ತ ಇನ್ನೂ ರಕ್ತನಾಳದ ಒಳಗೇ ಇದೆ ಎಂದರ್ಥ. ಗಂಧೆ, ದಡಾರದಂಥ ದದ್ದು ಸಾಮಾನ್ಯವಾಗಿ ಹೀಗೆ ಮಾಸುತ್ತವೆ. ಎಷ್ಟು ಒತ್ತಿದರೂ ಚುಕ್ಕೆ ಹಾಗೇ ಉಳಿದರೆ ರಕ್ತ ಹೊರಗೆ ಸೋರಿ ಚರ್ಮದಲ್ಲಿ ನಿಂತಿದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆ ಆದಾಗ ಹೀಗಾಗುತ್ತದೆ. ಮೆನಿಂಜೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲೂ ಹೀಗಾಗುತ್ತದೆ. ಅದರಲ್ಲಿ ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು.

ಬಣ್ಣ ಕಡಿಮೆ ಇರುವ ಚರ್ಮದಲ್ಲಿ ಈ ಪರೀಕ್ಷೆ ಸುಲಭ. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ. ಕಂದು, ನೇರಳೆ, ಕೆಲವೊಮ್ಮೆ ಸುಮ್ನೆ ಸ್ವಲ್ಪ ಗಾಢ ಬಣ್ಣ, ಅಷ್ಟೇ. ಅಂಗೈ, ಅಂಗಾಲು, ಕೆಳಗಿನ ಕಣ್ಣುರೆಪ್ಪೆಯ ಒಳಭಾಗ, ಬಾಯಿಯ ಅಂಗುಳ ನೋಡಿ. ಬೆಳಕನ್ನು ನೇರವಾಗಿ ಹಾಕುವ ಬದಲು ಪಕ್ಕದಿಂದ ಹಾಕಿದರೆ ಉಬ್ಬು ಚೆನ್ನಾಗಿ ಕಾಣುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ, ಒಮ್ಮೆ ಸವರಿ ನೋಡಿ. ದದ್ದಿನ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಅವನ್ನು ನೋಡಿಕೊಂಡು ತಮ್ಮ ಮಗುವಿನ ಮೈಮೇಲೆ ಹಾಗೇನೂ ಇಲ್ಲ ಎಂದು ಸಮಾಧಾನ ಪಟ್ಟುಕೊಂಡವರನ್ನು ನಾನು ಬಲ್ಲೆ. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮೂರು ತಾರೀಖು ಬರೆಯಿರಿ

ಒಂದು ಕಾಗದ ತೆಗೆದುಕೊಳ್ಳಿ. ಜ್ವರ, ಶೀತ, ಗಂಟಲುನೋವು ಅಥವಾ ಭೇದಿ ಶುರುವಾದ ದಿನ. ಹೊಸದಾಗಿ ಶುರು ಮಾಡಿದ ಪ್ರತಿಯೊಂದು ಔಷಧಿ, ಅದರ ಮೊದಲ ದಿನ. ಮೊದಲ ದದ್ದು ಕಂಡ ದಿನ, ಮೈಯಲ್ಲಿ ಯಾವ ಜಾಗ. ಔಷಧಿ ಅಂದರೆ ಎಲ್ಲವೂ ಸೇರಿತು: ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು, ಕಷಾಯದ ಪುಡಿ, ಹಚ್ಚಿದ ಮುಲಾಮು. ಸಾಮಾನ್ಯವಾಗಿ ಬಿಟ್ಟುಹೋಗುವುದು ಎರಡು ದಿನ ನುಂಗಿ ನಿಲ್ಲಿಸಿದ ಮಾತ್ರೆ. ಅದನ್ನೂ ಬರೆಯಿರಿ.

ಜೊತೆಗೆ ಫೋಟೊ ತೆಗೆಯಿರಿ. ಹತ್ತಿರದಿಂದ ಒಂದು, ಇಡೀ ಭಾಗ ಕಾಣುವಂತೆ ದೂರದಿಂದ ಒಂದು, ಹಗಲು ಬೆಳಕಿನಲ್ಲಿ. ಗಂಧೆ ನಿಮಗಾಗಿ ಕಾಯುವುದಿಲ್ಲ. ಡಾಕ್ಟರ ಮುಂದೆ ಕುಳಿತಾಗ ಚರ್ಮ ಸ್ವಚ್ಛವಾಗಿರುತ್ತದೆ, ಆಗ ಬಾಯಿಮಾತಿನ ವಿವರಣೆ ಸಾಲುವುದಿಲ್ಲ.

ಪೆನ್ನಿನ ಗುರುತು: ಗಂಧೆಯೋ, ದದ್ದೋ?

ತುರಿಸುವ ಒಂದು ಉಬ್ಬಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ಸಮಯ ಬರೆಯಿರಿ. ಮಾರನೇ ದಿನ ಅದೇ ಹೊತ್ತಿಗೆ ನೋಡಿ.

ಗೆರೆಯ ಒಳಗಿನ ಉಬ್ಬು ಗುರುತೇ ಇಲ್ಲದಂತೆ ಹೋಗಿ, ಬೇರೆ ಕಡೆ ಹೊಸದು ಎದ್ದಿದ್ದರೆ ಅದು ಗಂಧೆ. ಒಂದೊಂದು ಗಂಧೆಯ ಆಯಸ್ಸು 24 ಗಂಟೆಯೊಳಗೆ. ಹೊಸವು ಏಳುತ್ತಲೇ ಇರುವುದರಿಂದ ಕಾಯಿಲೆ ವಾರಗಟ್ಟಲೆ ಇದ್ದಂತೆ ಅನಿಸುತ್ತದೆ. ಚರ್ಮದ ಮಾಸ್ಟ್ ಕಣಗಳು ಹಿಸ್ಟಮಿನ್ ಎಂಬ ವಸ್ತುವನ್ನು ಚೆಲ್ಲುತ್ತವೆ. ಸಣ್ಣ ರಕ್ತನಾಳಗಳು ಸಡಿಲಗೊಂಡು ನೀರಿನಂಶ ಹೊರಗೆ ಬರುತ್ತದೆ, ಚರ್ಮ ಉಬ್ಬುತ್ತದೆ, ನರ ಕೆರಳಿ ತುರಿಸುತ್ತದೆ. ನೀರು ಹೀರಿಕೊಂಡ ಮೇಲೆ ಕಲೆ ಉಳಿಯದಿರುವುದು ಇದಕ್ಕೇ. ಐವರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಗಂಧೆ ಏಳುತ್ತದೆ. ಮಕ್ಕಳಲ್ಲಿ ದಿಢೀರನೆ ಏಳುವ ಗಂಧೆಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ವೈರಸ್ ಸೋಂಕೇ. ಆದರೂ ಮನೆಯವರೆಲ್ಲಾ ಮೊದಲು ಬೈಯುವುದು ಹಿಂದಿನ ದಿನದ ಊಟವನ್ನು. ಆಹಾರದ ಅಲರ್ಜಿ ಆಗಿದ್ದರೆ ತಿಂದು ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಗಂಧೆ ಏಳುತ್ತದೆ, ಪ್ರತಿ ಸಲ ತಿಂದಾಗಲೂ ಏಳುತ್ತದೆ. ಹಾಗೆ ಆಗದಿದ್ದರೆ ಊಟ ಬಿಡಬೇಡಿ. ಜ್ವರದಿಂದ ಸೊರಗಿದ ಮೈಗೆ ಊಟ ಬೇಕು.

ಉಬ್ಬು ಅದೇ ಜಾಗದಲ್ಲಿ ಎರಡು ಮೂರು ದಿನ ನಿಂತರೆ ಅದು ಗಂಧೆ ಅಲ್ಲ, ಬೇರೆ ಬಗೆಯ ದದ್ದು. ನಿಂತ ಉಬ್ಬು ಉರಿಯುತ್ತಿದ್ದು, ಹೋಗುವಾಗ ಜಜ್ಜಿದಂಥ ಕಲೆ ಬಿಟ್ಟರೆ ಡಾಕ್ಟರಿಗೆ ತೋರಿಸಿ. ರಕ್ತನಾಳಗಳೇ ಊದಿಕೊಂಡಿರಬಹುದು.

ಇನ್ನೊಂದು ಸಣ್ಣ ಪರೀಕ್ಷೆ. ಮುಂಗೈ ಮೇಲೆ ಉಗುರಿನ ಬೆನ್ನಿನಿಂದ ಮೆಲ್ಲಗೆ ಒಂದು ಗೆರೆ ಎಳೆಯಿರಿ. ಐದು ಹತ್ತು ನಿಮಿಷದಲ್ಲಿ ಗೆರೆ ದಾರದಂತೆ ಉಬ್ಬಿ, ಅರ್ಧ ಗಂಟೆಯಲ್ಲಿ ಇಳಿದರೆ ನಿಮ್ಮ ಚರ್ಮ ಒತ್ತಡಕ್ಕೆ ಕೆರಳುತ್ತಿದೆ. ವೈರಲ್ ಸೋಂಕಿನ ನಂತರ ಕೆಲವರಿಗೆ ಹೀಗಾಗುತ್ತದೆ. ಬೆಲ್ಟು, ಬ್ರಾ ಪಟ್ಟಿ, ಕಾಲುಚೀಲದ ಅಂಚು ಕೂರುವಲ್ಲೇ ಗಂಧೆ ಏಳುವುದು ಇದರಿಂದ. ನನ್ನದೂ ಇದೇ ಆಗಿತ್ತು. ಸಡಿಲ ಬಟ್ಟೆಗೆ ಬದಲಿಸಿದ ಮೇಲೆ ರಾತ್ರಿಯ ತುರಿಕೆ ಅರ್ಧ ತಗ್ಗಿತು.

ಜ್ವರ ಇರುವಾಗಲೇ ದದ್ದು ಬಂದರೆ

ಎರಡು ದಾರಿಯಲ್ಲಿ ವೈರಸ್ ಚರ್ಮವನ್ನು ಕೆಡಿಸುತ್ತದೆ. ಕೆಲವು ವೈರಸ್‌ಗಳು ಚರ್ಮದೊಳಗೇ ಬೆಳೆದು ಗುಳ್ಳೆ ಮಾಡುತ್ತವೆ. ಆ ಗುಳ್ಳೆಯ ನೀರಿನಲ್ಲಿ ವೈರಸ್ ಇರುತ್ತದೆ, ಮುಟ್ಟಿದರೆ ಅಂಟುತ್ತದೆ. ಉಳಿದವುಗಳಲ್ಲಿ ದದ್ದು ಏಳುವುದು ನಮ್ಮದೇ ರೋಗನಿರೋಧಕ ಶಕ್ತಿ ವೈರಸ್ ಜೊತೆ ಹೋರಾಡುವಾಗ. ಆದ್ದರಿಂದ ಮೊದಲ ಪ್ರಶ್ನೆ: ನೀರುಗುಳ್ಳೆ ಇದೆಯೇ?

ಇದ್ದರೆ ಚಿಕನ್ ಪಾಕ್ಸ್ ನೆನಪಿಗೆ ಬರಬೇಕು. ಮುಖ, ಎದೆ, ಬೆನ್ನಿನಿಂದ ಶುರು. ತಲೆಯ ಕೂದಲಿನ ನಡುವೆಯೂ ಇರುತ್ತದೆ. ಕೆಂಪು ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಂದೇ ಹೊತ್ತಿಗೆ ಕಾಣುವುದು ಇದರ ಗುರುತು. ತುರಿಕೆ ಜೋರು. ಸೋಂಕು ತಗುಲಿದ 10 ರಿಂದ 21 ದಿನದ ನಡುವೆ ಶುರುವಾಗುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲಾ ಗುಳ್ಳೆ ಹಕ್ಕಳೆ ಕಟ್ಟುವ ತನಕ ಬೇರೆಯವರಿಗೆ ಹರಡುತ್ತದೆ. ಇದರಲ್ಲಿ ಐಬುಪ್ರೊಫೆನ್ ಬೇಡ, ಚರ್ಮದ ಆಳಕ್ಕೆ ಬ್ಯಾಕ್ಟೀರಿಯಾ ಇಳಿಯುವ ಅಪಾಯದ ಜೊತೆ ಅದರ ಹೆಸರು ತಳಕು ಹಾಕಿಕೊಂಡಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಯಕೃತ್ತು, ಮಿದುಳು ಎರಡನ್ನೂ ಕೆಡಿಸುವ ರೈ ಸಿಂಡ್ರೋಮ್ ಬರಬಹುದು. ದೊಡ್ಡವರಿಗೆ ಬಂದರೆ ಕಾಯಿಲೆ ಬಲವಾಗಿರುತ್ತದೆ. ವೈರಸ್ ವಿರುದ್ಧದ ಅಸೈಕ್ಲೊವಿರ್ ಮಾತ್ರೆ ಮೊದಲ ದಿನವೇ ಶುರುವಾದರೆ ಹೆಚ್ಚು ಉಪಯೋಗ, ಹಾಗಾಗಿ ತಡ ಮಾಡಬೇಡಿ.

ಗುಳ್ಳೆ ಅಂಗೈ, ಅಂಗಾಲು, ಬಾಯಿಯೊಳಗೆ ಮಾತ್ರ ಇದ್ದರೆ ಕೈ-ಕಾಲು-ಬಾಯಿ ಕಾಯಿಲೆ ಇರಬಹುದು. ಇದು ಕಾಕ್ಸಾಕಿ ಗುಂಪಿನ ವೈರಸ್‌ಗಳದ್ದು. ಮಗು ನೀರು ಕುಡಿಯುತ್ತಿದೆಯೇ ಎನ್ನುವುದೇ ಮುಖ್ಯ. ಮೈಯ ಒಂದೇ ಪಕ್ಕದಲ್ಲಿ, ಪಟ್ಟಿಯಂತೆ, ಮೊದಲು ನೋವು ಬಂದು ಆಮೇಲೆ ಗುಳ್ಳೆ ಎದ್ದರೆ ಸರ್ಪಸುತ್ತು. 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾಗಬೇಕು. ಹಣೆಯಲ್ಲೋ ಮೂಗಿನ ತುದಿಯಲ್ಲೋ ಇದ್ದರೆ ಕಣ್ಣಿನ ಡಾಕ್ಟರಿಗೂ ಅದೇ ದಿನ ತೋರಿಸಿ.

ನೀರುಗುಳ್ಳೆ ಇಲ್ಲ, ಕೆಂಪು ಚುಕ್ಕೆಗಳೇ ಕೂಡಿಕೊಂಡಿವೆ ಅಂದರೆ ಮೊದಲು ದಡಾರ ಅಲ್ಲವೆಂದು ಖಚಿತ ಮಾಡಿಕೊಳ್ಳಿ. ಜೋರು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪು ಕಣ್ಣು. ಮೂರರಿಂದ ಐದನೇ ದಿನಕ್ಕೆ ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಶುರುವಾಗಿ ಕೆಳಗೆ ಇಳಿಯುವ ದದ್ದು. ದದ್ದು ಬಂದಾಗಲೂ ಜ್ವರ ಇಳಿಯುವುದಿಲ್ಲ, ಏರುತ್ತದೆ. ದಡಾರದ ವೈರಸ್ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯ ತನಕ ಉಳಿಯಬಲ್ಲದು. ಹಾಗಾಗಿ ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ ಹೇಳಿ. ಬೇರೆ ಮಕ್ಕಳ ಜೊತೆ ಕೂರಿಸದೆ ನೇರ ಒಳಗೆ ಕರೆಯುತ್ತಾರೆ.

ದದ್ದು ಹಗುರ, ಮೂರು ದಿನಕ್ಕೆ ಮಾಯ, ಕಿವಿಯ ಹಿಂದೆ ಗಂಟು, ಅಂದರೆ ರುಬೆಲ್ಲಾ ಇರಬಹುದು. ಮಗುವಿಗೆ ಇದು ದೊಡ್ಡದೇನಲ್ಲ. ಹೊಟ್ಟೆಯಲ್ಲಿರುವ ಶಿಶುವಿಗೆ ದೊಡ್ಡದು. ಬಸುರಿಯೊಬ್ಬರು ಆ ಮಗುವನ್ನು ಎತ್ತಿಕೊಂಡಿದ್ದರೆ ಅವರಿಗೆ ತಿಳಿಸಲೇಬೇಕು.

ಜ್ವರದ ಜೊತೆ ಕೀಲುಗಳು ಹಿಡಿದುಕೊಂಡು, ಎರಡರಿಂದ ಐದನೇ ದಿನಕ್ಕೆ ತುರಿಸುವ ದದ್ದು ಬಂದರೆ ಚಿಕೂನ್‌ಗುನ್ಯಾ ಅನುಮಾನ ಬರುತ್ತದೆ. ಮೂಗಿನ ಮೇಲೆ ಕಪ್ಪು ಛಾಯೆ ಆಮೇಲೆ ಮೂಡಿದರೆ ಅನುಮಾನ ಗಟ್ಟಿ. ಸೊಳ್ಳೆಯಿಂದ ಬರುವ ಈ ಜ್ವರಗಳ ಅನುಮಾನ ಇರುವಾಗ, ಡೆಂಗಿ ಅಲ್ಲವೆಂದು ತಿಳಿಯುವ ತನಕ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ. ಅವು ರಕ್ತಸ್ರಾವ ಜಾಸ್ತಿ ಮಾಡುತ್ತವೆ.

ಜ್ವರ ಬಿಟ್ಟ ಮೇಲೆ ದದ್ದು ಬಂದರೆ

ಜನ ಹೆದರುವುದು ಇಲ್ಲೇ. ಕಾಯಿಲೆ ಮರುಕಳಿಸಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಇದು ಮೈ ಗೆಲ್ಲುತ್ತಿರುವ ಗುರುತು.

ಆರು ತಿಂಗಳಿಂದ ಎರಡು ವರ್ಷದ ಮಗುವಿಗೆ ಮೂರರಿಂದ ಐದು ದಿನ ಸುಡುವ ಜ್ವರ. ಜ್ವರ ಫಕ್ಕನೆ ಬಿಟ್ಟ ದಿನ ಹೊಟ್ಟೆ, ಬೆನ್ನಿನ ಮೇಲೆ ಗುಲಾಬಿ ಚುಕ್ಕೆ. ಮಗು ಆಟಕ್ಕೆ ಬಿದ್ದಿದೆ. ಇದು ರೋಸಿಯೋಲಾ. ಸಾಮಾನ್ಯವಾಗಿ ತುರಿಸುವುದಿಲ್ಲ, ಒಂದೆರಡು ದಿನಕ್ಕೆ ಹೋಗುತ್ತದೆ, ಏನೂ ಹಚ್ಚಬೇಕಾಗಿಲ್ಲ.

ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆ ಕೈಕಾಲು ಒಂದೇ ಸಮ ಕೆಂಪಾಗಿ, ನಡುನಡುವೆ ಬಿಳಿ ಬಿಳಿ ವೃತ್ತಗಳು ಉಳಿಯುತ್ತವೆ. ಅಂಗೈ, ಅಂಗಾಲಿನ ತುರಿಕೆ ನಿದ್ದೆಗೆಡಿಸುವಷ್ಟು ಜೋರು. ಹಸಿವು ಮರಳಿ, ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಇದು ಚೇತರಿಕೆಯ ದದ್ದು. ಆದರೆ ದದ್ದು ನೋಡಿ ಮಾತ್ರ ನಿರಾಳ ಆಗಬೇಡಿ. ಮೊದಲ ಪಟ್ಟಿಯ ಕೊನೆಯ ಸಾಲನ್ನು ಮತ್ತೊಮ್ಮೆ ಓದಿ, ರಕ್ತ ಪರೀಕ್ಷೆ ತಪ್ಪಿಸಬೇಡಿ.

ಕೆನ್ನೆಗೆ ಹೊಡೆದಂತೆ ಕೆಂಪು, ಆಮೇಲೆ ತೋಳು ತೊಡೆಗಳ ಮೇಲೆ ಜಾಲರಿಯಂಥ ದದ್ದು. ಇದು ಪಾರ್ವೊವೈರಸ್ ಬಿ19. ಹೆಸರಿನ ಕಥೆ ಚೆನ್ನಾಗಿದೆ. 1975 ರಲ್ಲಿ ಇವೋನ್ ಕೊಸಾರ್ಟ್ ಎಂಬ ವಿಜ್ಞಾನಿ ಹೆಪಟೈಟಿಸ್ ಬಿ ಪರೀಕ್ಷೆಗಾಗಿ ರಕ್ತದ ಮಾದರಿಗಳನ್ನು ನೋಡುತ್ತಿದ್ದಾಗ, ಬಿ ಸಾಲಿನ 19 ನೇ ಮಾದರಿಯಲ್ಲಿ ಇದು ಸಿಕ್ಕಿತು. ಜಾಲರಿ ಮಾಸಿದ ಮೇಲೂ ಬಿಸಿಲು, ಬಿಸಿನೀರು, ವ್ಯಾಯಾಮಕ್ಕೆ ವಾರಗಟ್ಟಲೆ ಮತ್ತೆ ಮತ್ತೆ ಮೂಡುತ್ತದೆ. ಅದು ಹೊಸ ಸೋಂಕಲ್ಲ. ದದ್ದು ಕಾಣುವ ಹೊತ್ತಿಗೆ ಆರೋಗ್ಯವಂತ ಮಗುವಿನಿಂದ ಹರಡುವುದೂ ನಿಂತಿರುತ್ತದೆ. ದೊಡ್ಡವರಿಗೆ, ಅದರಲ್ಲೂ ಹೆಂಗಸರಿಗೆ, ದದ್ದಿಗಿಂತ ಕೀಲುನೋವು ಜಾಸ್ತಿ ಕಾಡಬಹುದು. ಬಸುರಿಯರು, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇರುವವರು ಈ ವೈರಸ್ ಬಗ್ಗೆ ಎಚ್ಚರ ಇರಬೇಕು, ಇದು ರಕ್ತ ಹುಟ್ಟುವ ಕಣಗಳನ್ನೇ ಹಿಡಿಯುತ್ತದೆ.

ಇನ್ನೆರಡು ನಿಧಾನದವು ಇವೆ. ಸಣ್ಣ ಮಕ್ಕಳ ಕೆನ್ನೆ, ಕೈಯ ಹೊರಬದಿ, ಪೃಷ್ಠ, ಕಾಲಿನ ಮೇಲೆ ಗಟ್ಟಿಯಾದ ಸಣ್ಣ ಬೊಕ್ಕೆಗಳು ಎದ್ದು, ಎದೆ ಹೊಟ್ಟೆ ಮಾತ್ರ ಖಾಲಿ ಉಳಿದರೆ ಅದು ಜಿಯಾನೊಟ್ಟಿ-ಕ್ರೋಸ್ಟಿ ದದ್ದು. ಎರಡರಿಂದ ಎಂಟು ವಾರ ಹಿಡಿಯುತ್ತದೆ. ಹದಿಹರೆಯದವರಲ್ಲಿ, ಯುವಕರಲ್ಲಿ ಮೊದಲು ಒಂದು ದೊಡ್ಡ ಅಂಡಾಕಾರದ ಪೊರೆಯೇಳುವ ಕಲೆ, ಒಂದೆರಡು ವಾರದ ನಂತರ ಬೆನ್ನು ತುಂಬಾ ಓರೆಯಾಗಿ ಸಾಲುಗಟ್ಟಿದ ಚಿಕ್ಕ ಕಲೆಗಳು ಬಂದರೆ ಪಿಟಿರಿಯಾಸಿಸ್ ರೋಸಿಯಾ. ಮೊದಲ ಕಲೆಯನ್ನು ಹುಳುಕಡ್ಡಿ ಎಂದುಕೊಂಡು ಮುಲಾಮು ಹಚ್ಚದವರೇ ಕಡಿಮೆ. ಆರರಿಂದ ಎಂಟು ವಾರದಲ್ಲಿ ತಾನಾಗಿ ಹೋಗುತ್ತದೆ. ಬಸುರಿಯರಾದರೆ ಡಾಕ್ಟರಿಗೆ ತಿಳಿಸಿ.

ದದ್ದೇ ಇಲ್ಲ, ಬರೀ ತುರಿಕೆ ಇದೆಯೇ? ಕಣ್ಣಿನ ಬಿಳಿ ಭಾಗ ಹಳದಿ ಆಗಿದೆಯೇ, ಮೂತ್ರ ಗಾಢವಾಗಿದೆಯೇ ನೋಡಿ. ಹೆಪಟೈಟಿಸ್ ವೈರಸ್‌ಗಳಿಂದ ಪಿತ್ತ ಸರಿಯಾಗಿ ಹರಿಯದೆ ಹೋದಾಗ ಮೈಯೆಲ್ಲಾ ತುರಿಸುತ್ತದೆ. ಹಾಗೇನೂ ಇಲ್ಲದಿದ್ದರೆ ಜ್ವರದಲ್ಲಿ ಒಣಗಿದ ಚರ್ಮವೇ ಕಾರಣ ಇರಬಹುದು.

ಮಾತ್ರೆಯೇ ಕಾರಣವೇ?

ಎರಡನೇ ತಾರೀಖಿಗೆ ಕೆಲಸ ಬರುವುದು ಈಗ. ಜ್ವರದಲ್ಲಿ ಔಷಧಿಯೂ ಇರುತ್ತದೆ, ವೈರಸ್ಸೂ ಇರುತ್ತದೆ. ದದ್ದು ಯಾರದ್ದು?

ಮೊದಲ ಸಲ ತೆಗೆದುಕೊಂಡ ಔಷಧಿಯಿಂದ ಬರುವ ಸಾಮಾನ್ಯ ದದ್ದು ನಾಲ್ಕರಿಂದ ಹದಿನಾಲ್ಕು ದಿನದ ನಡುವೆ ಕಾಣುತ್ತದೆ. ಎದೆ, ಬೆನ್ನಿನಿಂದ ಶುರುವಾಗಿ ಕೈಕಾಲಿಗೆ ಸಮವಾಗಿ ಹರಡುತ್ತದೆ, ತುರಿಸುತ್ತದೆ. ಹಿಂದೆ ಒಮ್ಮೆ ಅದೇ ಔಷಧಿಗೆ ದದ್ದು ಬಂದಿದ್ದವರಿಗೆ ಒಂದರಿಂದ ಮೂರು ದಿನದಲ್ಲೇ ಬರಬಹುದು. ಮಾತ್ರೆ ನುಂಗಿ ಒಂದು ಗಂಟೆಯೊಳಗೆ ಗಂಧೆ, ತುಟಿ ಊತ, ವಾಂತಿ ಬಂದರೆ ಅದು ನಿಜವಾದ ತಕ್ಷಣದ ಅಲರ್ಜಿ, ತುರ್ತು ಸಂಗತಿ. ಬೆಳಿಗ್ಗೆ ದದ್ದು ಕಂಡು ಆಮೇಲೆ ಮಾತ್ರೆ ಶುರು ಮಾಡಿದ್ದರೆ ಮಾತ್ರೆ ನಿರಪರಾಧಿ. ಕೇಳಲು ಸರಳ, ಅಲ್ವಾ? ತಾರೀಖು ಬರೆದಿರದಿದ್ದರೆ ಇದೇ ಗೊತ್ತಾಗುವುದಿಲ್ಲ.

ಪೆನಿಸಿಲಿನ್ ಗುಂಪಿನ ಆಂಟಿಬಯಾಟಿಕ್ ಅಮಾಕ್ಸಿಸಿಲಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಗಂಟಲು ಬಾತು, ಕತ್ತಿನ ಗಂಟು ಊದಿಕೊಂಡಾಗ ಅದನ್ನು ಬ್ಯಾಕ್ಟೀರಿಯಾ ಎಂದುಕೊಂಡು ಅಮಾಕ್ಸಿಸಿಲಿನ್ ಕೊಟ್ಟರೆ ಬಹಳ ಜನರಿಗೆ ಮೈತುಂಬಾ ದದ್ದು ಬರುತ್ತದೆ. ವೈರಸ್ ಮತ್ತು ಔಷಧಿ ಎರಡೂ ಕೂಡಿ ಆಗುವ ದದ್ದು ಅದು. ಎಷ್ಟೋ ಸಲ ಜೀವನಪೂರ್ತಿಯ ಅಲರ್ಜಿ ಆಗಿರುವುದಿಲ್ಲ. ಮಕ್ಕಳ ಬೇರೆ ವೈರಲ್ ಜ್ವರಗಳಲ್ಲೂ ಹೀಗೇ. ಜ್ವರದ ದದ್ದು ಬರುವ ದಿನವೇ ಆಂಟಿಬಯಾಟಿಕ್‌ನ ಐದನೇ ದಿನವೂ ಆಗಿರುತ್ತದೆ. ದಾಖಲೆಯಲ್ಲಿ 'ಪೆನಿಸಿಲಿನ್ ಅಲರ್ಜಿ' ಎಂದು ಬರೆದುಬಿಡುತ್ತಾರೆ. ಆ ಹಣೆಪಟ್ಟಿ ಹೊತ್ತವರನ್ನು ಸರಿಯಾಗಿ ಪರೀಕ್ಷಿಸಿದಾಗ 10 ರಲ್ಲಿ ಸುಮಾರು 9 ಜನ ಪೆನಿಸಿಲಿನ್ ತಡೆದುಕೊಳ್ಳುತ್ತಾರೆ. ಹಣೆಪಟ್ಟಿ ಉಳಿದರೆ ಮುಂದೆ ನ್ಯುಮೋನಿಯಾ ಬಂದಾಗ, ಶಸ್ತ್ರಚಿಕಿತ್ಸೆ ಆದಾಗ, ಒಳ್ಳೆಯ ಔಷಧಿ ಕೈತಪ್ಪಿ ಎರಡನೇ ದರ್ಜೆಯದು ಸಿಗುತ್ತದೆ. ಹಾಗಂತ ಮನೆಯಲ್ಲಿ ಮತ್ತೆ ನುಂಗಿ ನೋಡಬೇಡಿ. ಅಲರ್ಜಿ ತಜ್ಞರ ಬಳಿ, ಆಸ್ಪತ್ರೆಯಲ್ಲಿ, ಪರೀಕ್ಷೆ ಮಾಡಿಸಿ. ಮಗುವಿಗೆ ಹಾಗೆ ಬರೆದಿದ್ದರೆ ಯಾವ ತಾರೀಖಿಗೆ ಏನಾಯಿತು ಎನ್ನುವ ನಿಮ್ಮ ಕಾಗದವನ್ನು ಜೋಪಾನವಾಗಿಡಿ. ಹತ್ತು ವರ್ಷದ ಮೇಲೂ ಅದು ಬೇಕಾಗುತ್ತದೆ.

ತಡವಾಗಿ ಬರುವ ಒಂದು ಅಪಾಯವೂ ಇದೆ. ಫಿಟ್ಸ್‌ನ ಕೆಲವು ಮಾತ್ರೆಗಳು, ಯೂರಿಕ್ ಆಮ್ಲಕ್ಕೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಮಾತ್ರೆ ಶುರು ಮಾಡಿದ ಎರಡರಿಂದ ಎಂಟು ವಾರಕ್ಕೆ ಜ್ವರ, ಮುಖ ಊತ, ಗಂಟುಗಳು, ದದ್ದು ಒಟ್ಟಿಗೆ ಬರಬಹುದು. ನೋಡಿದರೆ ಥೇಟ್ ವೈರಲ್ ಜ್ವರ. ಒಳಗೆ ಯಕೃತ್ತಿಗೆ ಪೆಟ್ಟು ಬೀಳುತ್ತಿರುತ್ತದೆ. ಅದಕ್ಕೇ ಔಷಧಿ ಪಟ್ಟಿಯನ್ನು ಎರಡು ತಿಂಗಳು ಹಿಂದಕ್ಕೆ ಬರೆಯಿರಿ.

ವೈರಸ್ ಅಲ್ಲದವು

ಮೂರು ನಾಲ್ಕನ್ನು ಪಕ್ಕಕ್ಕಿಟ್ಟುಕೊಳ್ಳಿ. ಹೊದಿಕೆ ಹೊದ್ದು ಬೆವರಿದ ಜಾಗದಲ್ಲಿ ಮುಳ್ಳಿನಂತೆ ಚುಚ್ಚುವ ಸಣ್ಣ ಗುಳ್ಳೆ ಬೆವರುಸಾಲೆ. ಗಾಳಿ ಆಡಿದರೆ ಹೋಗುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ರಾತ್ರಿ ಹೊತ್ತು ಜೋರಾಗುವ ತುರಿಕೆ, ಮನೆಯ ಇನ್ನೊಬ್ಬರಿಗೂ ಇದ್ದರೆ ಕಜ್ಜಿ. ಗಂಟಲುನೋವಿನ ಜೊತೆ ಉಪ್ಪುಕಾಗದದಂತೆ ಒರಟಾದ ದದ್ದು ಸ್ಕಾರ್ಲೆಟ್ ಜ್ವರ, ಅದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು. ಮೊದಲೇ ಇಸುಬು ಇದ್ದವರಿಗೆ ಜ್ವರದ ನಂತರ ಅದೇ ಕೆರಳಬಹುದು. ಇಸುಬಿನ ಮೇಲೆ ಒಂದೇ ಅಳತೆಯ, ನೋಯುವ, ನಡುವೆ ಕುಳಿ ಬಿದ್ದ ಗುಳ್ಳೆಗಳು ಗುಂಪಾಗಿ ಎದ್ದರೆ ಹರ್ಪಿಸ್ ಎಂಬ ವೈರಸ್ ಹರಡಿದೆ, ಅದೇ ದಿನ ತೋರಿಸಿ.

ತುರಿಕೆ ತಗ್ಗಿಸುವುದು

ಗಂಧೆಗೆ ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ ಕಡಿಮೆ ಮಂಪರಿನ ಮಾತ್ರೆ ಕೆಲಸ ಮಾಡುತ್ತವೆ. ದೊಡ್ಡವರಿಗೆ ಸೆಟಿರಿಜಿನ್ 10 ಮಿಲಿಗ್ರಾಂ ದಿನಕ್ಕೊಮ್ಮೆ ಸಾಮಾನ್ಯ ಪ್ರಮಾಣ. ಮಕ್ಕಳಿಗೆ, ಬಸುರಿಯರಿಗೆ, ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರು ಹೇಳಿದಷ್ಟೇ. ತುರಿಸಿದಾಗ ಒಂದು, ಇಲ್ಲದಾಗ ಇಲ್ಲ, ಹೀಗೆ ಮಾಡಿದರೆ ನಿಲ್ಲುವುದಿಲ್ಲ. ಒಂದೆರಡು ವಾರ ದಿನವೂ ಅದೇ ಹೊತ್ತಿಗೆ ತೆಗೆದುಕೊಂಡರೆ ಹಿಸ್ಟಮಿನ್ ಬರುವ ಮೊದಲೇ ಬಾಗಿಲು ಮುಚ್ಚಿದಂತೆ. ದಡಾರದಂಥ ದದ್ದಿನಲ್ಲಿ ಹಿಸ್ಟಮಿನ್ ಮುಖ್ಯ ಕಾರಣ ಅಲ್ಲ. ಅಲ್ಲಿ ಈ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಇನ್ನೊಂದು ನುಂಗಿ ಪ್ರಯೋಜನ ಇಲ್ಲ. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಮಾತ್ರೆ ನಿದ್ದೆ ತರಿಸುತ್ತವೆ, ತೆಗೆದುಕೊಂಡು ಗಾಡಿ ಓಡಿಸಬೇಡಿ.

ಚರ್ಮಕ್ಕೆ ತಂಪು ಬೇಕು. ಒದ್ದೆ ಬಟ್ಟೆ ಹತ್ತು ನಿಮಿಷ ಇಡಿ. ಬಿಸಿನೀರು ಸುರಿದುಕೊಂಡಾಗ ಆಹಾ ಅನಿಸುತ್ತದೆ, ಆಮೇಲೆ ರಕ್ತನಾಳ ಹಿಗ್ಗಿ ಎರಡರಷ್ಟು ತುರಿಸುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ಸೋಪು ಕಡಿಮೆ, ಮೈ ಇನ್ನೂ ತೇವ ಇರುವಾಗಲೇ ವಾಸನೆ ಇಲ್ಲದ ಮಾಯಿಶ್ಚರೈಸರ್. ಗುಳ್ಳೆಗೆ ಕ್ಯಾಲಮಿನ್ ಲೋಷನ್ ಹಚ್ಚಬಹುದು. ಉಗುರು ಕತ್ತರಿಸಿ. ಎಳೆಯ ಮಗುವಿಗೆ ರಾತ್ರಿ ಹತ್ತಿಯ ಕೈಗವಸು ಹಾಕಿ. ಗಂಧೆ ಇರುವ ತನಕ ಐಬುಪ್ರೊಫೆನ್, ಆಸ್ಪಿರಿನ್, ಮದ್ಯ ಬಿಡಿ, ಕೆಲವರಲ್ಲಿ ಇವು ಗಂಧೆಯನ್ನು ಕೆರಳಿಸುತ್ತವೆ. ಹೃದಯಕ್ಕೆಂದು ಡಾಕ್ಟರು ಕೊಟ್ಟ ಆಸ್ಪಿರಿನ್ ಆದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.

ಒಂದನ್ನು ಕೈಮುಗಿದು ಹೇಳುತ್ತೇನೆ. ಸ್ಟಿರಾಯ್ಡ್, ಬೂಷ್ಟು ನಿವಾರಕ, ಆಂಟಿಬಯಾಟಿಕ್ ಎಲ್ಲಾ ಕಲಸಿದ ಮುಲಾಮನ್ನು ಹೆಸರಿಲ್ಲದ ದದ್ದಿಗೆ ಹಚ್ಚಬೇಡಿ. ಎರಡು ದಿನ ಕೆಂಪು ಇಳಿಯುತ್ತದೆ, ದದ್ದಿನ ರೂಪ ಬದಲಾಗುತ್ತದೆ, ಆಮೇಲೆ ತಜ್ಞರಿಗೂ ಗುರುತು ಸಿಗುವುದಿಲ್ಲ. ಚಿಕನ್ ಪಾಕ್ಸ್, ಹರ್ಪಿಸ್ ಆಗಿದ್ದರೆ ಸೋಂಕು ಇನ್ನೂ ಹರಡುತ್ತದೆ.

ಎಷ್ಟು ದಿನ ಕಾಯುವುದು?

ಚಿಕನ್ ಪಾಕ್ಸ್ ಹಕ್ಕಳೆ ಕಟ್ಟಲು ಐದರಿಂದ ಏಳು ದಿನ. ವೈರಸ್ ನಂತರದ ಗಂಧೆ ಬಹುಪಾಲು ಎರಡು ಮೂರು ವಾರ. ಆರು ವಾರ ದಾಟಿಯೂ ವಾರದ ಹೆಚ್ಚಿನ ದಿನ ಗಂಧೆ ಏಳುತ್ತಿದ್ದರೆ ಅದನ್ನು ದೀರ್ಘಕಾಲದ ಗಂಧೆ ಎನ್ನುತ್ತಾರೆ. ಆಗ ಚರ್ಮದ ಡಾಕ್ಟರು ಮಾತ್ರೆಯ ಪ್ರಮಾಣ ಏರಿಸಬಹುದು, ಥೈರಾಯ್ಡ್ ನೋಡಬಹುದು. ನೂರು ಪದಾರ್ಥಗಳ ಅಲರ್ಜಿ ಪಟ್ಟಿಯ ರಕ್ತ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಇಂಥ ಗಂಧೆಗೆ ಆಹಾರ ಕಾರಣ ಆಗುವುದು ತೀರಾ ಕಡಿಮೆ. ಹೋದ ಜ್ವರ ಮತ್ತೆ ಬಂದರೆ, ಕೆರೆದ ಜಾಗ ಬಿಸಿಯಾಗಿ ಊದಿ ಕೀವು ಬಂದರೆ, ಆರು ವಾರದ ಲೆಕ್ಕ ಬಿಟ್ಟು ಅಂದೇ ಹೋಗಿ.

ದದ್ದು ಹೋದ ಮೇಲೂ ಕೆಲವು ಗುರುತು ಉಳಿಯುತ್ತವೆ. ಗೋಧಿ ಮತ್ತು ಕಪ್ಪು ಚರ್ಮದಲ್ಲಿ ಕಂದು ಕಲೆ ಮಾಸಲು ತಿಂಗಳುಗಳೇ ಬೇಕು. ಬಿಸಿಲಿನಿಂದ ಕಾಪಾಡಿಕೊಂಡರೆ ಬೇಗ ಮಾಸುತ್ತದೆ. ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಕೈ-ಕಾಲು-ಬಾಯಿ ಕಾಯಿಲೆ ಬಂದ ಮಗುವಿನ ಉಗುರು ಕೆಲವು ವಾರದ ಮೇಲೆ ಬುಡದಿಂದ ಬಿಟ್ಟುಕೊಳ್ಳಬಹುದು. ನೋವಿರುವುದಿಲ್ಲ, ಕೀಳಬೇಡಿ. ಎತ್ತಿ ನೋಡಿದರೆ ಹಳೆಯದರ ಕೆಳಗೆ ಹೊಸ ಉಗುರು ಆಗಲೇ ಬರುತ್ತಿರುತ್ತದೆ.